ಮಾತಿಲ್ಲದ ನಾದಕ್ಕೆ ಅರ್ಥವುಂಟೆ?



ಶ್ರೀಹರಿವಾಯುಗುರುಗಳ ಪಾದಾರವಿಂದಗಳಿಗೆ ನಮಸ್ಕರಿಸಿ, ಈ ತಿಂಗಳ ವಿಷಯವನ್ನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸುತ್ತೇನೆ.

ನಾಲ್ಕು ವರ್ಷಗಳ ಹಿಂದೆ ಪುಷ್ಯ ಬಹುಳ ಅಮಾವಾಸ್ಯೆಯಂದು ನಮ್ಮ ಶಾಖಾಮಠದಲ್ಲಿ ಶ್ರೀಪುರಂದರದಾಸರ ಆರಾಧನೆ ನಡೆಯಿತು. ಸಂಜೆಯ ಸಂಗೀತಸೇವೆಯ ಪಟ್ಟಿಯನ್ನು ಸಿದ್ಧಪಡಿಸುವ ಹೊಣೆ ನನ್ನದಾಗಿತ್ತು. ಹನ್ನೆರಡು ವರ್ಷದ ಬಾಲಕನೊಬ್ಬ ಪಿಟೀಲಿನಲ್ಲಿ ಒಂದು ದೇವರನಾಮವನ್ನು ನುಡಿಸಲು ಸಿದ್ಧನಾಗಿ ಬಂದಿದ್ದ. ಅವನ ತಂದೆತಾಯಿಗಳು ಮುಂಬಯಿಯಲ್ಲೇ ಹುಟ್ಟಿ ಬೆಳೆದವರು. ಹುಡುಗನಿಗೆ ಕನ್ನಡ ಓದಲು ಬಾರದು, ಮಾತನಾಡಲು ಅಷ್ಟಿಷ್ಟು ಬರುತ್ತಿತ್ತು. ನಾನು ಅವನ ತಾಯಿಯನ್ನು ಕರೆದು, "ನೋಡಮ್ಮಾ, ದಾಸರ ಆರಾಧನೆಯೆಂದರೆ ದಾಸರ ಮಾತಿನ ಆರಾಧನೆ. ಬರಿಯ ಪಿಟೀಲಿನಿಂದ ಕೇಳುವವರಿಗೆ ಏನು ತಿಳಿಯುತ್ತದೆ? ಹಾಡುವವರು ಹಾಡಲಿ, ಇವನು ಅವರ ಹಿಂದೆ ಕುಳಿತು ನುಡಿಸಲಿ" ಎಂದೆ. ಆಕೆ, "ಆಗಲಿ ರಾಯರೆ" ಎಂದಷ್ಟೇ ಹೇಳಿದರು. ಬಾಲಕ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ. ಹಾಡುವವರ ಹಿಂದೆ ಕುಳಿತುಕೊಳ್ಳಲು ಅವನು ಬರಲಿಲ್ಲ.

ನನ್ನ ಮಾತು ಶಾಸ್ತ್ರಸಮ್ಮತವೆಂದೇ ಅಂದು ನಾನು ಭಾವಿಸಿದ್ದೆ. ಅದರಲ್ಲಿ ಅರ್ಧ ಸರಿಯಾಗಿಯೂ ಅರ್ಧ ತಪ್ಪಾಗಿಯೂ ಇತ್ತು. ಯಾವ ಅರ್ಧ ಸರಿ, ಯಾವ ಅರ್ಧ ತಪ್ಪು ಎಂಬುದನ್ನು ತಿಳಿಯಲು ನನಗೆ ವರ್ಷಗಳೇ ಬೇಕಾದವು. ಪರಊರುಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಅನೇಕ ಮನೆಗಳಲ್ಲಿ ಇದೇ ಪ್ರಶ್ನೆ ಇದೆ. ಮಕ್ಕಳು ವೀಣೆ, ಕೊಳಲು, ಪಿಟೀಲು, ಕೀಬೋರ್ಡುಗಳಲ್ಲಿ ದಾಸರ ಪದಗಳನ್ನು ಸೊಗಸಾಗಿ ನುಡಿಸುತ್ತಾರೆ. ಪದದ ಒಂದು ಸಾಲಿನ ಅರ್ಥವನ್ನು ಕೇಳಿದರೆ ಸುಮ್ಮನಾಗುತ್ತಾರೆ. ಅವರ ನಾದ ಏನನ್ನಾದರೂ ಹೇಳುತ್ತದೆಯೆ? ಅದು ಭಗವಂತನಿಗೆ ಸಲ್ಲುತ್ತದೆಯೆ? ಕ್ರಮವಾಗಿ ವಿಚಾರಿಸೋಣ.

ಶಬ್ದವು ಎರಡು ಬಗೆ ಎಂಬುದು ತರ್ಕಸಂಗ್ರಹವನ್ನು ಓದಿದ ವಿದ್ಯಾರ್ಥಿಗೂ ತಿಳಿದ ಸಂಗತಿ: ವರ್ಣಾತ್ಮಕ ಮತ್ತು ಧ್ವನ್ಯಾತ್ಮಕ. ಅಕಾರ ಕಕಾರಾದಿ ಅಕ್ಷರಗಳು ಕೂಡಿ ಪದವಾಗಿ, ವಾಕ್ಯವಾಗಿ ಹೊರಡುವುದು ವರ್ಣಾತ್ಮಕ. ಭೇರಿ, ಶಂಖ, ವೀಣೆ, ವೇಣುಗಳ ಸದ್ದು ಧ್ವನ್ಯಾತ್ಮಕ. ಪದಕ್ಕೂ ಅದು ತಿಳಿಸುವ ವಸ್ತುವಿಗೂ ಇರುವ ಸಂಬಂಧಕ್ಕೆ ಶಕ್ತಿಯೆಂದು ಹೆಸರು. ಆ ಶಕ್ತಿಯ ಜ್ಞಾನವಿರುವವನಿಗೆ ಮಾತ್ರ ಪದವು ಅರ್ಥವನ್ನು ಕೊಡುತ್ತದೆ. ತಮಿಳು ತಿಳಿಯದವನಿಗೆ ಮದರಾಸಿನ ಬೀದಿಯ ಮಾತೆಲ್ಲವೂ ಬರಿಯ ಸದ್ದೇ. ಪದವೆಂದ ಮಾತ್ರಕ್ಕೆ ಅದು ಎಲ್ಲರಿಗೂ ಅರ್ಥವನ್ನು ಕೊಟ್ಟುಬಿಡುವುದಿಲ್ಲ ಎಂಬುದನ್ನು ಮೊದಲು ನೆನಪಿಡೋಣ.

ಇನ್ನು, ಪದವಿಲ್ಲದ ಧ್ವನಿ ಅರ್ಥವನ್ನು ಕೊಡಲಾರದೆ? ನನ್ನ ಮೂವತ್ತು ವರ್ಷಗಳಿಗೂ ಮಿಕ್ಕ ಉದ್ಯೋಗಜೀವನ ಕಳೆದದ್ದು ರೈಲ್ವೆಯ ಪರಿಚಾಲನ ವಿಭಾಗದಲ್ಲಿ. ಅಲ್ಲಿ ಧ್ವನಿಗೇ ಆಜ್ಞೆಯ ಅಧಿಕಾರ. ಇಂಜಿನ್ನಿನ ಸೀಟಿ ಎಷ್ಟು ಉದ್ದ, ಎಷ್ಟು ಗಿಡ್ಡ, ಎಷ್ಟು ಸಲ ಎಂಬುದಕ್ಕೆಲ್ಲ ನಿಯಮಪುಸ್ತಕದಲ್ಲಿ ಅರ್ಥವನ್ನು ಗೊತ್ತುಮಾಡಿದ್ದಾರೆ. ಒಂದು ಸ್ಟೇಷನ್ನಿನಿಂದ ಮುಂದಿನ ಸ್ಟೇಷನ್ನಿಗೆ ಬ್ಲಾಕ್ ಯಂತ್ರದ ಗಂಟೆಯ ಬಡಿತಗಳ ಎಣಿಕೆಯಲ್ಲೇ, ಗಾಡಿ ಕಳುಹಿಸಲೇ ಎಂಬ ಪ್ರಶ್ನೆಯೂ ಕಳುಹಿಸು ಎಂಬ ಉತ್ತರವೂ ನಡೆಯುತ್ತಿದ್ದವು. ಉತ್ತರ ಭಾರತದ ಚಳಿಗಾಲದ ಮಂಜಿನಲ್ಲಿ ಸಿಗ್ನಲ್ ಕಣ್ಣಿಗೆ ಬೀಳದಿರುವಾಗ, ಅದಕ್ಕೂ ಮುಂಚಿನ ಜಾಗದಲ್ಲಿ ಹಳಿಯ ಮೇಲೆ ಪಟಾಕಿಯನ್ನು ಕಟ್ಟುತ್ತಾರೆ. ಚಕ್ರ ಹರಿದೊಡನೆ ಅದು ಸಿಡಿದು, ಸಿಗ್ನಲ್ ಸಮೀಪಿಸಿತೆಂದು ಚಾಲಕನನ್ನು ಎಚ್ಚರಿಸುತ್ತದೆ. ಅದೇ ಸದ್ದನ್ನು ಕೇಳಿದ ಪ್ರಯಾಣಿಕ ಮಗ್ಗುಲು ಬದಲಿಸಿ ಮತ್ತೆ ಮಲಗುತ್ತಾನೆ. ಸದ್ದು ಒಂದೇ; ಸಂಕೇತವನ್ನು ಬಲ್ಲವನಿಗೆ ಅದು ಆಜ್ಞೆ, ಅರಿಯದವನಿಗೆ ನಿದ್ರಾಭಂಗ. ಆದ್ದರಿಂದ ಮಾತಿಲ್ಲದ ಸದ್ದಿಗೆ ಅರ್ಥವೇ ಇಲ್ಲವೆಂಬ ವಾದ ಮೊದಲ ಹೆಜ್ಜೆಯಲ್ಲೇ ಬಿದ್ದುಹೋಗುತ್ತದೆ.

ಆದರೆ ಪೂರ್ವಪಕ್ಷಿಯು ಇಷ್ಟಕ್ಕೆ ಸುಮ್ಮನಾಗುವುದಿಲ್ಲ. "ಸೀಟಿಗೆ ನಿಯಮಪುಸ್ತಕದ ಸಂಕೇತವಿದೆ. ತೋಡಿಯ ಗಾಂಧಾರಕ್ಕೆ ಇಂಥ ಅರ್ಥ, ಮೋಹನದ ಧೈವತಕ್ಕೆ ಇಂಥ ಅರ್ಥ ಎಂದು ಯಾವ ಪುಸ್ತಕದಲ್ಲಿ ಬರೆದಿದೆ? ನಾಳೆ ಏಕಾದಶಿ ಎಂಬಷ್ಟನ್ನು ರಾಗಾಲಾಪನೆಯಿಂದ ತಿಳಿಸಿಬಿಡಿ ನೋಡೋಣ. ಜೀವನು ಬ್ರಹ್ಮನಲ್ಲ ಎಂಬ ನಿಷೇಧವನ್ನು ಯಾವ ರಾಗ ಹೇಳೀತು?" ಎಂದು ಆತ ಕೇಳುತ್ತಾನೆ. ಈ ಆಕ್ಷೇಪ ಸತ್ಯವಾದುದು. ನಾದಕ್ಕೆ ಉಂಟು, ಇಲ್ಲ ಎಂಬ ಭೇದ ಬಾರದು. ನಿನ್ನೆ, ನಾಳೆಗಳೆಂಬ ಕಾಲ ಬಾರದು. ಪಂಚಭೇದಗಳನ್ನಾಗಲಿ ತಾರತಮ್ಯವನ್ನಾಗಲಿ ಅದು ನಿರೂಪಿಸಲಾರದು. ಭಗವಂತನನ್ನು ಶಾಸ್ತ್ರದಿಂದಲೇ ತಿಳಿಯಬೇಕೆಂದು ಬ್ರಹ್ಮಸೂತ್ರದ ಮೂರನೆಯ ಸೂತ್ರದಲ್ಲಿ ನಿರ್ಣಯವಾಗಿದೆ. ಆ ಶಾಸ್ತ್ರ ವಾಕ್ಯರೂಪವಾದುದು. ನನ್ನ ಮಾತಿನ ಸರಿಯಾದ ಅರ್ಧ ಇದು. ಇದನ್ನು ನಾನು ಇಂದಿಗೂ ಬಿಟ್ಟುಕೊಡುವುದಿಲ್ಲ.

ಹಾಗಾದರೆ ನಾದ ತಿಳಿಸುವುದಾದರೂ ಏನನ್ನು? ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದಲ್ಲಿದ್ದ ಆನಂದವರ್ಧನನು ಧ್ವನ್ಯಾಲೋಕದಲ್ಲಿ ಈ ಪ್ರಶ್ನೆಗೆ ನೇರವಾದ ಉತ್ತರವನ್ನು ಕೊಟ್ಟಿದ್ದಾನೆ. ಶಬ್ದಕ್ಕೆ ವಾಚಕತ್ವವೇ ಬೇರೆ, ವ್ಯಂಜಕತ್ವವೇ ಬೇರೆ ಎಂದು ಸ್ಥಾಪಿಸುವಾಗ ಅವನು ಮುಂದಿಡುವ ದೃಷ್ಟಾಂತ ಗೀತದ ಧ್ವನಿಯೇ. ಹಾಡಿನ ಸ್ವರಗಳು ಯಾವ ವಸ್ತುವಿಗೂ ಹೆಸರಲ್ಲ. ಆದರೂ ಅವುಗಳಿಂದ ರಸ ಸ್ಫುರಿಸುವುದನ್ನು ಎಲ್ಲರೂ ಅನುಭವಿಸುತ್ತಾರೆ. ವಾಚಕವಲ್ಲದ ಶಬ್ದವೂ ವ್ಯಂಜಕವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲವೆಂಬುದು ಅವನ ಅಭಿಪ್ರಾಯ. ದೀಪವು ತಾನು ಮಾತನಾಡದೆಯೇ ಕತ್ತಲೆಯಲ್ಲಿದ್ದ ಗಡಿಗೆಯನ್ನು ತೋರಿಸುತ್ತದೆ. ಹಾಗೆಯೇ ನಾದವು ಹೆಸರಿಸದೆಯೇ ಭಾವವನ್ನು ತೋರಿಸುತ್ತದೆ. ರೈಲಿನ ಸೀಟಿ ಸಂಕೇತದಿಂದ ತಿಳಿಸುತ್ತದೆ. ರಾಗ ವ್ಯಂಜನೆಯಿಂದ ತಿಳಿಸುತ್ತದೆ. ಎರಡೂ ಪದಗಳಲ್ಲ, ಆದರೆ ಎರಡರ ದಾರಿಗಳು ಬೇರೆ.

ನಮ್ಮ ಕಾಲದ ವಿಜ್ಞಾನಿಗಳೂ ಇದನ್ನು ಪರೀಕ್ಷಿಸಿದ್ದಾರೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಿಂದುಸ್ತಾನಿ ಸಂಗೀತದ ಪರಿಚಯವೇ ಇಲ್ಲದ 30 ಮಂದಿ ಪಾಶ್ಚಾತ್ಯ ಶ್ರೋತೃಗಳಿಗೆ ರಾಗಗಳ 12 ತುಣುಕುಗಳನ್ನು ಕೇಳಿಸಿದರು. ಅವುಗಳಲ್ಲಿ ಉದ್ದೇಶಿತವಾಗಿದ್ದ ಭಾವಗಳು ನಾಲ್ಕು: ಹರ್ಷ, ಶೋಕ, ಕ್ರೋಧ ಮತ್ತು ಶಾಂತಿ. ಕೇಳಿದವರಿಗೆ ಮೊದಲಿನ ಮೂರು ಭಾವಗಳು ತಿಳಿದವು. ಶಾಂತಿಯ ವಿಷಯದಲ್ಲಿ ಮಾತ್ರ ಅಂಥ ಸ್ಪಷ್ಟತೆ ಕಾಣಲಿಲ್ಲ. 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಆಫ್ರಿಕದ ಕ್ಯಾಮರೂನ್ ದೇಶದ ಮಫಾ ಎಂಬ ಗುಡ್ಡಗಾಡಿನ ಜನರು, ತಾವೆಂದೂ ಕೇಳದಿದ್ದ ಪಾಶ್ಚಾತ್ಯ ಸಂಗೀತದಲ್ಲಿ ಸಂತೋಷ, ದುಃಖ, ಭಯಗಳನ್ನು ಗುರುತಿಸಿದರು. ಭಾಷೆ ಬೇರೆ, ದೇಶ ಬೇರೆ, ವಾದ್ಯ ಬೇರೆ. ಆದರೂ ನಾದ ದಾಟಿಹೋಯಿತು.

ಆಸ್ತಿಕರಾದ ನಾವು ಮೊದಲನೆಯ ಅಧ್ಯಯನದಲ್ಲಿ ಗಮನಿಸಬೇಕಾದುದು, ದಾಟಿಹೋಗದ ಆ ನಾಲ್ಕನೆಯ ಭಾವವನ್ನು. ಹಿಗ್ಗುವುದನ್ನು, ಅಳುವುದನ್ನು, ಸಿಟ್ಟಾಗುವುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ತೊಟ್ಟಿಲ ಮಗುವಿಗೂ ಅವು ಗೊತ್ತು. ಶಾಂತಿ ಹಾಗಲ್ಲ. ಅದಕ್ಕೆ ಸಂಸ್ಕಾರ ಬೇಕು. ಇದು ಆ ವಿಜ್ಞಾನಿಗಳ ಮಾತಲ್ಲ, ನನ್ನ ಊಹೆ. ಆದರೆ ನಮ್ಮ ಉಪನಿಷತ್ತಿನ ಒಂದು ಕಥೆ ಇದಕ್ಕೆ ಬೆಂಬಲವಾಗಿದೆ. ಬೃಹದಾರಣ್ಯಕದಲ್ಲಿ ದೇವತೆಗಳು, ಮನುಷ್ಯರು, ಅಸುರರು ಮೂವರೂ ಪ್ರಜಾಪತಿಯ ಬಳಿಗೆ ಉಪದೇಶಕ್ಕಾಗಿ ಬರುತ್ತಾರೆ. ಮೂವರಿಗೂ ಆತ ಹೇಳಿದ್ದು ‘ದ’ ಎಂಬ ಒಂದೇ ಅಕ್ಷರವನ್ನು. ಭೋಗಶೀಲರಾದ ದೇವತೆಗಳು ಅದನ್ನು ದಮವೆಂದು ತಿಳಿದರು, ಲೋಭಿಗಳಾದ ಮನುಷ್ಯರು ದಾನವೆಂದು ತಿಳಿದರು, ಕ್ರೂರರಾದ ಅಸುರರು ದಯೆಯೆಂದು ತಿಳಿದರು. ಮೂವರೂ ಸರಿಯಾಗಿಯೇ ತಿಳಿದರೆಂದು ಪ್ರಜಾಪತಿ ಒಪ್ಪಿದ. ಗುಡುಗಿನ ಸದ್ದಿನಲ್ಲಿ ಇಂದಿಗೂ ಕೇಳಿಬರುವುದು ಆ ಉಪದೇಶವೇ ಎಂದು ಶ್ರುತಿ ಕಥೆಯನ್ನು ಮುಗಿಸುತ್ತದೆ. ಪದವಾಗದ ಧ್ವನಿಯು ಕೇಳುವವನ ಯೋಗ್ಯತೆಯನ್ನೂ ಕೊರತೆಯನ್ನೂ ಅನುಸರಿಸಿ ಅರ್ಥವಾಗುತ್ತದೆಯೆಂಬುದು ಇದರಿಂದ ಸಿದ್ಧವಾಯಿತು.

ಇಲ್ಲಿ ಶ್ರೀಮದಾಚಾರ್ಯರ ಸಿದ್ಧಾಂತದ ಒಂದು ಮಹಾಪ್ರಮೇಯವನ್ನು ಸ್ಮರಿಸಬೇಕು. ಸಮಸ್ತ ಶಬ್ದಗಳೂ ಪರಮಮುಖ್ಯವೃತ್ತಿಯಿಂದ ಶ್ರೀವಿಷ್ಣುವನ್ನೇ ಹೇಳುತ್ತವೆ. ಇಂದ್ರ, ಅಗ್ನಿ ಮೊದಲಾದ ಶಬ್ದಗಳು ಆಯಾ ದೇವತೆಗಳನ್ನು ಹೇಳುವುದು ಆಮೇಲೆ. ಆ ಶಬ್ದಗಳ ಗುಣಾರ್ಥ ಪೂರ್ಣವಾಗಿರುವುದು ಭಗವಂತನಲ್ಲಿ ಮಾತ್ರ. ವೇದದ ಪದಗಳಿಗಷ್ಟೇ ಈ ಪ್ರಮೇಯ ಮೀಸಲಲ್ಲ. ಐತರೇಯ ಆರಣ್ಯಕದಲ್ಲಿ ಋಕ್ಕುಗಳೊಡನೆ, ವೇದಗಳೊಡನೆ ಸಮಸ್ತ ಘೋಷಗಳನ್ನೂ ಒಂದೇ ನುಡಿಯಾಗಿ ಎಣಿಸಿದ ಪ್ರಸಂಗವಿದೆ. ಸಮುದ್ರದ ಮೊರೆತ, ಭೇರಿಯ ಮೊಳಗು ಮೊದಲಾದ ಧ್ವನಿಗಳೂ ಆತನ ಹೆಸರುಗಳೇ ಎಂಬುದು ನಮ್ಮ ಸಿದ್ಧಾಂತ. ಜಗತ್ತಿನಲ್ಲಿ ಅರ್ಥವಿಲ್ಲದ ಸದ್ದೆಂಬುದೇ ಇಲ್ಲವೆಂದು ಇಷ್ಟು ನಿಸ್ಸಂಕೋಚವಾಗಿ ಹೇಳಿದ ದರ್ಶನ ಬೇರೊಂದನ್ನು ನಾನು ಕಂಡಿಲ್ಲ.

"ಹಾಗಾದರೆ ಲೋಕಲ್ ಗಾಡಿಯ ಗಡಗಡ ಸದ್ದೂ ಹರಿನಾಮವೆ?" ಎಂದು ಯುವಕರು ನಗುತ್ತ ಕೇಳಬಹುದು. ಹೌದು, ಬಲ್ಲವರಿಗೆ. ಸಂಬಂಧವಿರುವುದು ಬೇರೆ, ಅದು ನಮಗೆ ತಿಳಿದಿರುವುದು ಬೇರೆ. ಹಳಿಯ ಮೇಲಿನ ಪಟಾಕಿಯ ಅರ್ಥ ಚಾಲಕನಿಗೆ ತಿಳಿದು ಪ್ರಯಾಣಿಕನಿಗೆ ತಿಳಿಯದಿರುವಂತೆ, ಸಮುದ್ರಘೋಷದ ಅರ್ಥ ಅಪರೋಕ್ಷಜ್ಞಾನಿಗಳಿಗೆ ತಿಳಿದಿದೆ. ನಮಗೆ ಅದು ಗಲಾಟೆ. ನಾವು ಪ್ರಯಾಣಿಕರಂತೆ ಮಗ್ಗುಲು ಬದಲಿಸಿ ಮಲಗುತ್ತಿದ್ದೇವೆ ಅಷ್ಟೆ. ದೋಷ ಸದ್ದಿನಲ್ಲಿಲ್ಲ.

ವೇದವೇ ಈ ವಿಷಯದಲ್ಲಿ ನಮಗೆ ದಾರಿ ತೋರಿಸುತ್ತದೆ. ವೇದಗಳಲ್ಲಿ ಸಾಮವೇದ ತಾನೆಂದು ಭಗವಂತ ಗೀತೆಯಲ್ಲಿ ಹೇಳಿಕೊಂಡಿದ್ದಾನೆ. ಆ ಸಾಮಗಾನವನ್ನು ಕೇಳಿದವರಿಗೆ ಗೊತ್ತು: ಋಕ್ಕಿನ ಪದಗಳ ನಡುವೆ ಹಾಉ, ಹಾಇ, ಈ, ಊ ಮುಂತಾದ, ಪದವಲ್ಲದ ಅಕ್ಷರಗಳನ್ನು ದೀರ್ಘವಾಗಿ ಹಾಡುತ್ತಾರೆ. ಇವಕ್ಕೆ ಸ್ತೋಭಗಳೆಂದು ಹೆಸರು. ನಿಘಂಟಿನಲ್ಲಿ ಇವಕ್ಕೆ ಅರ್ಥವನ್ನು ಹುಡುಕಿದರೆ ಸಿಕ್ಕದು. ಆದರೆ ಛಾಂದೋಗ್ಯೋಪನಿಷತ್ತು ಹದಿಮೂರು ಸ್ತೋಭಗಳನ್ನು ಎತ್ತಿಕೊಂಡು ಒಂದೊಂದಕ್ಕೂ ಉಪಾಸನೆಯನ್ನು ವಿಧಿಸುತ್ತದೆ. ಹಾಉಕಾರವನ್ನು ಈ ಲೋಕವೆಂದು, ಹಾಇಕಾರವನ್ನು ವಾಯುವೆಂದು, ಈಕಾರವನ್ನು ಅಗ್ನಿಯೆಂದು, ಊಕಾರವನ್ನು ಆದಿತ್ಯನೆಂದು ಚಿಂತಿಸಬೇಕು. ಹದಿಮೂರನೆಯದಾದ ಹುಂಕಾರವನ್ನು ಮಾತ್ರ ಅನಿರುಕ್ತವೆಂದು, ಎಂದರೆ ಇಂಥದ್ದೆಂದು ನಿರ್ವಚಿಸಲಾಗದ್ದೆಂದು ಬಿಟ್ಟಿದೆ. ಪದವಲ್ಲದ ನಾದಕ್ಕೆ ಉಪಾಸನೆಯಿಂದ ಅರ್ಥವನ್ನು ಕೂಡಿಸಬಹುದು. ಕೂಡಿಸಿದ ಮೇಲೂ ಮಾತಿಗೆ ಮೀರಿದ್ದು ಒಂದು ಉಳಿಯುತ್ತದೆ. ಇದು ಆ ಖಂಡದಿಂದ ನಾನು ಕಲಿತ ಪಾಠ.

ಇನ್ನು ವೇಣುನಾದದ ವಿಷಯವನ್ನು ಹೇಳದೆ ಈ ಚರ್ಚೆ ಮುಗಿಯಲಾರದು. ಶ್ರೀಕೃಷ್ಣ ಬೃಂದಾವನದಲ್ಲಿ ಊದಿದ ಕೊಳಲಿಗೆ ಸಾಹಿತ್ಯವಿತ್ತೆಂದು ಭಾಗವತದ ವೇಣುಗೀತಾಧ್ಯಾಯ ಹೇಳುವುದಿಲ್ಲ. ಆದರೂ ಹಸುಗಳು ಕಿವಿಗಳನ್ನೇ ಪಾತ್ರೆಗಳಂತೆ ಎತ್ತಿಹಿಡಿದು ಆ ನಾದವನ್ನು ಕುಡಿದವು. ಕರುಗಳು ಬಾಯಿಯಲ್ಲಿದ್ದ ಹಾಲನ್ನು ನುಂಗುವುದನ್ನೂ ಮರೆತು ನಿಂತವು. ಹಕ್ಕಿಗಳು ಮುನಿಗಳಂತೆ ಮೌನ ತಾಳಿದವು. ನದಿಗಳ ವೇಗ ಕುಂದಿತು. ಗೋಪಿಯರಾದರೋ ಅದನ್ನು ಕೇಳಿ ಸ್ವಾಮಿಯ ರೂಪವನ್ನೂ ಗುಣಗಳನ್ನೂ ಒಬ್ಬರಿಗೊಬ್ಬರು ವರ್ಣಿಸಿದರು. ಮುಂದೆ ಯುಗಲಗೀತಾಧ್ಯಾಯದಲ್ಲಿ ದೇವಶ್ರೇಷ್ಠರೂ ಆ ನಾದದ ತತ್ತ್ವವನ್ನು ಇದಮಿತ್ಥಂ ಎಂದು ನಿಶ್ಚಯಿಸಲಾರದೆ ತಲೆಬಾಗಿ ನಿಂತ ಚಿತ್ರವಿದೆ. ಇದು ದೇವತೆಗಳ ಅಜ್ಞಾನವನ್ನು ಹೇಳುವ ಮಾತಲ್ಲ, ಭಗವಂತನ ಅನಂತತೆಯನ್ನು ಹೇಳುವ ಮಾತು. ಹಸುವಿಗೆ ಸಿಕ್ಕಿದ್ದು ಸುಖ, ಗೋಪಿಗೆ ಸಿಕ್ಕಿದ್ದು ಗುಣಸ್ಮರಣೆ, ದೇವತೆಗೆ ಸಿಕ್ಕಿದ್ದು ವಿಸ್ಮಯ. ನಾದವೊಂದೇ ಆದರೂ ಫಲದಲ್ಲಿ ತಾರತಮ್ಯ.

ಹರಿದಾಸರು ಈ ಮರ್ಮವನ್ನು ಬಲ್ಲವರು. 1564ರಲ್ಲಿ ಹಂಪೆಯಲ್ಲಿ ಹರಿಪಾದವನ್ನು ಸೇರಿದ ಶ್ರೀಪುರಂದರದಾಸರನ್ನು ಕರ್ನಾಟಕ ಸಂಗೀತದ ಪಿತಾಮಹರೆಂದು ದಕ್ಷಿಣ ಭಾರತವೆಲ್ಲ ಕೊಂಡಾಡುತ್ತದೆ. ಮಾಯಾಮಾಳವಗೌಳದಲ್ಲಿ ಮೊದಲ ಪಾಠಗಳನ್ನು ಹಾಕಿಕೊಟ್ಟವರು ಅವರೆಂದು ಪರಂಪರೆ ಹೇಳುತ್ತದೆ. ಆ ಪಾಠಕ್ರಮವನ್ನು ನೋಡಿರಿ. ಮಗು ಮೊದಲು ಕಲಿಯುವುದು ಸರಳೆವರಿಸೆ, ಜಂಟಿವರಿಸೆ, ಅಲಂಕಾರಗಳನ್ನು. ಅಲ್ಲಿ ಸ್ವರಗಳ ಹೊರತು ಒಂದು ಪದವೂ ಇಲ್ಲ. ಅದಾದ ಮೇಲೆಯೇ ಮಲಹರಿಯ ಗೀತೆಗಳು, ಮಾತು, ಭಗವನ್ನಾಮ. ಮಾತಿನ ಮಹಾಕವಿಗಳಾದ ದಾಸರ ಹೆಸರಿನಲ್ಲಿ ಬಂದಿರುವ ಪಾಠಕ್ರಮವೇ ಮಗುವಿನ ಕೈಗೆ ಮೊದಲು ಮಾತಿಲ್ಲದ ನಾದವನ್ನು ಕೊಟ್ಟಿತು. ಆದರೆ ಅಲ್ಲೇ ನಿಲ್ಲಿಸಲಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ದಾಸರ ಪದಗಳ ಸಾಹಿತ್ಯ ಓಲೆಗರಿಗಳಲ್ಲಿಯೂ ಹೆಂಗಸರ ಬಾಯಿಯಲ್ಲಿಯೂ ಉಳಿದುಬಂದಿತು. ದಾಸರು ಹಾಡಿದ ಮೂಲ ಮಟ್ಟುಗಳು ಬಹುಮಟ್ಟಿಗೆ ಉಳಿಯಲಿಲ್ಲ. ಒಂದೇ ಪದವನ್ನು ದಕ್ಷಿಣದವರು ಒಂದು ರಾಗದಲ್ಲಿ, ಉತ್ತರ ಕರ್ನಾಟಕದವರು ಇನ್ನೊಂದು ರಾಗದಲ್ಲಿ ಹಾಡುತ್ತಾರೆ. ಆದರೂ ಪದ ಹೇಳುವ ತತ್ತ್ವ ಬದಲಾಗುವುದಿಲ್ಲ. ಕಾಲದ ಪ್ರವಾಹದಲ್ಲಿ ಮಾತು ಹೀಗೆ ಗಟ್ಟಿಯಾಗಿ ನಿಂತಿದೆ. ನಾದಕ್ಕೆ ಆ ಸ್ಥೈರ್ಯವಿಲ್ಲ. ಅದಕ್ಕಿರುವುದು ಬೇರೊಂದು ಶಕ್ತಿ. ನಾನು ಪುಣೆಯಲ್ಲಿ ಕೆಲಸದಲ್ಲಿದ್ದಾಗ, ಗದಗಿನ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ್ದ ಪಂಡಿತ ಭೀಮಸೇನ ಜೋಶಿಯವರ ದಾಸವಾಣಿಯನ್ನು ಕೇಳುವ ಭಾಗ್ಯ ದೊರೆತಿತ್ತು. 2011ರಲ್ಲಿ ಅವರು ತೀರಿಕೊಂಡರು. ಆ ಧ್ವನಿ ಇನ್ನೂ ಕಿವಿಯಲ್ಲಿದೆ. ಪಕ್ಕದಲ್ಲಿ ಕುಳಿತಿದ್ದ ಮರಾಠಿಯವರಿಗೆ ಕನ್ನಡ ಪದಗಳು ತಿಳಿದಿರಲಿಲ್ಲ. ಅವರ ಪಾಲಿಗೆ ಅದು ಹೆಚ್ಚುಕಡಿಮೆ ಮಾತಿಲ್ಲದ ಸಂಗೀತವೇ. ಆದರೂ ಅಂಕಿತದ ಸ್ಥಾನದಲ್ಲಿ ‘ವಿಠಲ’ ಎಂಬ ಪದ ಬಂದೊಡನೆ ಅವರ ಕೈಗಳು ಮುಗಿದವು. ನಾದ ಅವರನ್ನು ಬಾಗಿಲವರೆಗೆ ಕರೆದುತಂದಿತ್ತು. ಅಭಂಗಗಳನ್ನು ಕೇಳಿ ಬೆಳೆದ ಅವರಿಗೆ ಮೊದಲೇ ಗೊತ್ತಿದ್ದ ಆ ಒಂದು ಹೆಸರು ಬಾಗಿಲನ್ನು ತೆರೆಯಿತು.

ಈಗ ಸಿದ್ಧಾಂತಕ್ಕೆ ಬರೋಣ. ಭಕ್ತಿಯೆಂದರೇನೆಂದು ಶ್ರೀಮದಾಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದ ಮೊದಲ ಅಧ್ಯಾಯದಲ್ಲಿ ಲಕ್ಷಣವನ್ನು ಹೇಳಿದ್ದಾರೆ. ಭಗವಂತನ ಮಾಹಾತ್ಮ್ಯದ ಜ್ಞಾನವು ಮೊದಲಿರಬೇಕು, ಅದರ ಮೇಲೆ, ಬೇರೆಲ್ಲಕ್ಕಿಂತ ಮಿಗಿಲಾದ, ಅಲುಗದ ಸ್ನೇಹವಿರಬೇಕು, ಅದೇ ಭಕ್ತಿ. ಈ ಲಕ್ಷಣದಲ್ಲಿ ಎರಡು ಅಂಶಗಳಿವೆ: ಮಾಹಾತ್ಮ್ಯಜ್ಞಾನ ಮತ್ತು ಸ್ನೇಹ. ಜ್ಞಾನವನ್ನು ಕೊಡುವುದು ಮಾತು; ಸರ್ವೋತ್ತಮತ್ವ, ಸ್ವಾತಂತ್ರ್ಯ, ಗುಣಪೂರ್ಣತ್ವಗಳನ್ನು ವಾಕ್ಯವಲ್ಲದೆ ಬೇರಾವುದೂ ತಿಳಿಸಲಾರದು. ಸ್ನೇಹವಾದರೋ ವಾಕ್ಯದ ಆಜ್ಞೆಯಿಂದ ಹುಟ್ಟುವುದಿಲ್ಲ. ಪ್ರೀತಿಸು ಎಂದು ಹೇಳಿ ಯಾರಲ್ಲಿಯೂ ಪ್ರೀತಿಯನ್ನು ಹುಟ್ಟಿಸಲಾಗದು. ಕರಗದ ಮನಸ್ಸನ್ನು ಕರಗಿಸುವ ಕೆಲಸವನ್ನು ನಾದ ಮಾಡುತ್ತದೆ. ಜ್ಞಾನವಿಲ್ಲದ ಸ್ನೇಹ, ಯಾರ ಮೇಲೆಂದು ತಿಳಿಯದ ಹಂಬಲ. ಸ್ನೇಹವಿಲ್ಲದ ಜ್ಞಾನ ಪರೀಕ್ಷೆಯ ಉತ್ತರಪತ್ರಿಕೆ. ದಾಸರು ಪ್ರಮೇಯಗಳನ್ನು ಹಾಡಿನಲ್ಲಿಟ್ಟುದಕ್ಕೆ ಕಾರಣ ಇದೇ ಇರಬೇಕು.

ಇದೆಲ್ಲ ನನಗೆ ಪುಸ್ತಕದಿಂದ ಹೊಳೆದದ್ದಲ್ಲ. ಆ ಆರಾಧನೆಯಾದ ಏಳು ತಿಂಗಳಿಗೆ ನನ್ನ ಸಹಧರ್ಮಿಣಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಲಗಾಲುಗಳ ಜೊತೆಗೆ ಮಾತೂ ಹೋಯಿತು. ಬೆಳಗಿನ ರಂಗೋಲಿಯಿಂದ ರಾತ್ರಿಯ ದೀಪದವರೆಗೆ ದೇವರನಾಮಗಳನ್ನು ಗುನುಗುತ್ತಿದ್ದ ಆಕೆಗೆ ‘ನೀರು’ ಎನ್ನಲೂ ಆಗದಾಯಿತು. ಹೇಳಬೇಕಾದುದು ಕಣ್ಣಿನಲ್ಲಿ ಕಾಣುತ್ತಿತ್ತು, ನಾಲಗೆಗೆ ಬರುತ್ತಿರಲಿಲ್ಲ. ಬಹುಪಾಲು ಜನರಲ್ಲಿ ಮಾತಿನ ಕೇಂದ್ರ ಮೆದುಳಿನ ಎಡಭಾಗದಲ್ಲಿದ್ದು, ಅಲ್ಲಿ ರಕ್ತಸಂಚಾರ ನಿಂತರೆ ಹೀಗಾಗುತ್ತದೆಂದು ವೈದ್ಯರು ವಿವರಿಸಿದರು. ನಾಲ್ಕು ದಶಕಗಳ ಕಾಲ ಶಬ್ದಾರ್ಥಸಂಬಂಧವನ್ನು ಓದಿದ ನಾನು ಆಕೆಯ ಎದುರು ಕುಳಿತು ಏನೂ ತೋಚದವನಾದೆ.

ಒಂದು ಸಂಜೆ ಆ ಬಾಲಕನ ತಾಯಿ ಆಕೆಯನ್ನು ನೋಡಲು ಬಂದರು. ಮಗನೂ ಜೊತೆಯಲ್ಲ���ದ್ದ, ಪಾಠ ಮುಗಿಸಿ ಬಂದಿದ್ದರಿಂದ ಪಿಟೀಲೂ ಇತ್ತು. "ರಾಯರೆ, ಅಜ್ಜಿಗೆ ಇವನು ಒಂದು ನುಡಿಸಲೆ?" ಎಂದು ಆಕೆ ನನ್ನ ಅನುಮತಿಯನ್ನು ಕೇಳಿದರು. ಅನುಮತಿ ಕೊಡುವ ಯೋಗ್ಯತೆ ನನಗಿಲ್ಲವೆಂದು ಅನ್ನಿಸಿತು, ತಲೆಯಾಡಿಸಿದೆ. ಅವನು ನುಡಿಸಿದ್ದು ಅಂದು ನಾನು ಬೇಡವೆಂದ ದೇವರನಾಮವನ್ನೇ. ಪಲ್ಲವಿಯಲ್ಲಿ ನನ್ನ ಪತ್ನಿ ಕಿಟಕಿಯ ಕಡೆಗೆ ನೋಡುತ್ತಿದ್ದಳು. ಎರಡನೆಯ ನುಡಿಗೆ ಎಡಗೈ ಹೊದಿಕೆಯ ಮೇಲೆ ತಾಳ ಹಾಕತೊಡಗಿತು. ಕೊನೆಯ ನುಡಿಯಲ್ಲಿ ತುಟಿಗಳು ಅಲುಗಿದವು. ಅಂಕಿತ ಬರುವ ಸ್ಥಾನದಲ್ಲಿ, ಪಿಟೀಲಿನ ಸ್ವರದ ಜೊತೆಗೇ, ‘ವಿಠಲ’ ಎಂಬ ಪದ ಸ್ಪಷ್ಟವಾಗಿ ಕೇಳಿಸಿತು. ನಲವತ್ತು ದಿನಗಳಲ್ಲಿ ಆಕೆಯ ಬಾಯಿಂದ ಬಂದ ಮೊದಲ ಪದ ಅದು.

ಇದನ್ನು ಪವಾಡವೆಂದು ನಾನು ಬರೆಯುತ್ತಿಲ್ಲ. ಮಾತು ಹೋದವರಲ್ಲಿ ಕೆಲವರಿಗೆ ಹಾಡು ಉಳಿಯುತ್ತದೆಂಬುದು ವೈದ್ಯರಿಗೆ ಬಹುಕಾಲದಿಂದ ತಿಳಿದ ವಿಷಯ. ರಾಗವಾಗಿ ಮಾತನಾಡಿಸಿ ಮಾತನ್ನು ಮರಳಿ ತರಿಸುವ ಚಿಕಿತ್ಸೆಯನ್ನು 1973ರಷ್ಟು ಹಿಂದೆಯೇ ಅಮೆರಿಕದ ಬಾಸ್ಟನ್ ನಗರದ ವೈದ್ಯರು ವಿವರಿಸಿದ್ದಾರೆ. ಎಲ್ಲರಿಗೂ ಅದು ಫಲಿಸುವುದಿಲ್ಲ. ನನ್ನ ಪತ್ನಿಗೆ ಇಂದಿಗೂ ಪೂರ್ಣವಾಗಿ ಮಾತು ಬಂದಿಲ್ಲ. ಭಗವಂತ ಕೊಟ್ಟಷ್ಟನ್ನು ಸ್ವೀಕರಿಸಿದ್ದೇವೆ.

ನನ್ನನ್ನು ಇಂದಿಗೂ ಬಿಡದಿರುವುದು ಆಮೇಲೆ ಆ ಹುಡುಗ ಕೇಳಿದ ಪ್ರಶ್ನೆ. "ಅಜ್ಜಾ, ಅಜ್ಜಿ ಈಗ ಏನೋ ಹೇಳಿದರಲ್ಲ, ಅದನ್ನು ನಾನು ನುಡಿಸಿದೆನಾ?" ಎಂದ.

ವಾಚಕರೇ, ಈ ಪ್ರಶ್ನೆಗೆ ಏನೆಂದು ಉತ್ತರಿಸುವಿರಿ? ಅವನು ನುಡಿಸಿದ್ದು ಸ್ವರಗಳನ್ನು. ‘ವಿಠಲ’ ಎಂಬ ಪದ ಅವನ ತಂತಿಯಲ್ಲಿರಲಿಲ್ಲ. ಅರವತ್ತು ವರ್ಷಗಳ ಹಿಂದೆ ನನ್ನ ಅತ್ತೆಯವರು ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಆ ಪದವನ್ನು ಅವಳ ಎದೆಯಲ್ಲಿ ಇಟ್ಟಿದ್ದರು. ನಾವು ಆಡಿದ ಮಾತುಗಳಾವುವೂ ತಲುಪದ ಆ ಸ್ಥಳವನ್ನು ಪಿಟೀಲು ತಲುಪಿತು, ಮಲಗಿದ್ದುದನ್ನು ಎಬ್ಬಿಸಿತು. ಆದ್ದರಿಂದ ಅವನನ್ನು ತಡೆದ ನಾನು ತಪ್ಪು ಮಾಡಿದ್ದೆ. ಆದರೆ ಇಟ್ಟಿದ್ದರಿಂದಲ್ಲವೆ ಎದ್ದುಬಂದದ್ದು? ನಾದವು ಎಬ್ಬಿಸಬಲ್ಲದು, ಇಲ್ಲದ್ದನ್ನು ಇಡಲಾರದು. ಇಂದು ನಮ್ಮ ಮಕ್ಕಳ ಎದೆಯಲ್ಲಿ ಆ ಪದಗಳನ್ನು ನಾವು ಇಡದೆ ಹೋದರೆ, ಅರವತ್ತು ವರ್ಷಗಳ ಮೇಲೆ ಯಾರಾದರೂ ಅವರೆದುರು ಇದೇ ದೇವರನಾಮವನ್ನು ನುಡಿಸಿದಾಗ ಅವರಲ್ಲಿ ಏಳುವುದಾದರೂ ಏನು?

ಆ ತಾಯಿಯ ಬಳಿ ನಾನು ಕ್ಷಮೆ ಕೇಳಿದೆ. "ದೊಡ್ಡವರು ಹಾಗೆಲ್ಲ ಹೇಳಬಾರದು" ಎಂದು ಆಕೆ ಕಣ್ಣೊರೆಸಿಕೊಂಡರು. ಈಗ ಭಾನುವಾರದ ಬೆಳಗ್ಗೆ ಆ ಹುಡುಗ ನಮ್ಮ ಮನೆಗೆ ಬರುತ್ತಾನೆ. ವಾರಕ್ಕೆ ಒಂದು ನುಡಿ. ಮೊದಲು ಅಕ್ಷರ, ಆಮೇಲೆ ಅರ್ಥ, ಕೊನೆಯಲ್ಲಿ ಪಿಟೀಲು. ನನ್ನ ಪತ್ನಿ ಪಕ್ಕದಲ್ಲಿ ಕುಳಿತು ತಾಳ ಹಾಕುತ್ತಾಳೆ, ತಪ್ಪಿದರೆ ನಿಲ್ಲಿಸುತ್ತಾಳೆ. ಮುಂದಿನ ಆರಾಧನೆಯಲ್ಲಿ ಅವನು ಒಬ್ಬನೇ ನುಡಿಸಿದ. ನುಡಿಸುವ ಮೊದಲು ಆ ಪದದ ಅರ್ಥವನ್ನು ತನ್ನ ತೊದಲು ಕನ್ನಡದಲ್ಲಿ ತಾನೇ ಓದಿ ಹೇಳಿದ. ಆಮೇಲೆ ಯಾರೂ ಹಾಡಲಿಲ್ಲ, ಆದರೂ ಸಭೆಗೆ ಪದ ಕೇಳಿಸಿತು.

ಆದ್ದರಿಂದ ವಾಚಕ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಮಕ್ಕಳು ವಾದ್ಯವನ್ನು ನುಡಿಸುವುದಾದರೆ ನುಡಿಸಲಿ. ಭಾಷೆ ಬಾರದೆಂಬ ಕಾರಣಕ್ಕೆ ಯಾರನ್ನೂ ದೇವರ ಮುಂದಿನಿಂದ ಎಬ್ಬಿಸಬೇಡಿ. ಸಮುದ್ರದ ಮೊರೆತವನ್ನೂ ತನ್ನ ಹೆಸರಾಗಿ ಉಳ್ಳ ಸ್ವಾಮಿಗೆ ಮಗುವಿನ ಪಿಟೀಲು ಕೇಳಿಸದೆ ಹೋಗದು. ಆದರೆ ನುಡಿಸುವ ಮುನ್ನ ಆ ಪದದ ಒಂದು ನುಡಿಯನ್ನಾದರೂ ಬಾಯಲ್ಲಿ ಹೇಳಿಸಿ, ಅದರ ಅರ್ಥವನ್ನು ಮಗುವಿಗೆ ತಿಳಿಯುವ ಭಾಷೆಯಲ್ಲಿ ತಿಳಿಸಿ. ಅದು ಮರಾಠಿಯಾದರೂ ಇಂಗ್ಲಿಷಾದರೂ ಚಿಂತೆಯಿಲ್ಲ. ನುಡಿಸಿ ಮುಗಿದ ಮೇಲೆ ಕೃಷ್ಣಾರ್ಪಣವನ್ನು ಹೇಳಿಸಿ. ಅಜ್ಜ ಅಜ್ಜಿಯರು ಮನೆಯಲ್ಲಿದ್ದರೆ ಈ ಕೆಲಸವನ್ನು ಅವರಿಗೆ ವಹಿಸಿ, ಅವರಿಗೆ ಮಾತು ಇರುವಾಗಲೇ.

ಮಾತಿನಿಂದ ತಿಳಿದು ನಾದದಿಂದ ಕರಗುವ ಭಕ್ತಿಯನ್ನು ನಮಗೂ ನಮ್ಮ ಮಕ್ಕಳಿಗೂ ಭಾರತೀರಮಣಮುಖ್ಯಪ್ರಾಣಾಂತರ್ಗತನಾದ ಶ್ರೀಕೃಷ್ಣನು ದಯಪಾಲಿಸಲಿ.

ಶ್ರೀಕೃಷ್ಣಾರ್ಪಣಮಸ್ತು